‘ಅನುಕೂಲ ನೋಡ್ಕೊಂಡು’ ಅಂತ ಬರೆದ ಆರ್ಡರು ಯಾರ ಅನುಕೂಲಕ್ಕೆ?

ಹೋದ ತಿಂಗಳು ಮಕ್ಕಳ ಕಸ್ಟಡಿ (ಅಪ್ಪ ಅಮ್ಮ ಬೇರೆಯಾದ್ರೆ ಮಗು ಯಾರ ಹತ್ರ ಇರಬೇಕು ಅನ್ನೋದು) ಬಗ್ಗೆ ನಾಲ್ಕು ಸಾಲು ಬರೆದಿದ್ದೇ ಬರೆದಿದ್ದು, ಪತ್ರಗಳ ರಾಶಿನೇ ಬಂದು ಬಿದ್ದಿದೆ. ಹೆಚ್ಚಿನವರ ಗೋಳು ಒಂದೇ, ಮಗು ನೋಡೋಕೆ ಬಿಡ್ತಿಲ್ಲ, ಏನ್ ಮಾಡ್ಲಿ ಅಂತ. ಹಂಗಾಗಿ ಈ ಸಲ ಡೈವೋರ್ಸು ಗೀವೋರ್ಸು ಎಲ್ಲಾ ಪಕ್ಕಕ್ಕಿಟ್ಟು ಇದೊಂದನ್ನೇ ತಗೊಂಡಿದೀನಿ. ಗುರುತು ಸಿಗಬಾರ್ದು ಅಂತ ಊರು, ವಿವರ ಅಲ್ಲಲ್ಲಿ ಬದಲಾಯಿಸಿದೀನಿ. ಮತ್ತೆ ಇದನ್ನ ಓದ್ಕೊಂಡು ನೇರ ಕೋರ್ಟಿಗೆ ಓಡ್ಬೇಡಿ, ನಿಮ್ಮೂರ ವಕೀಲರಿಗೆ ಪೇಪರ್ ತೋರಿಸಿ ಆಮೇಲೆ ಹೋಗಿ.

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು. ಹೆಂಡ್ತಿ ಎಂಟು ತಿಂಗಳಿಂದ ಶಿವಮೊಗ್ಗದಲ್ಲಿ ತವರುಮನೇಲಿದ್ದಾಳೆ, ನಾಲ್ಕು ವರ್ಷದ ಮಗಳೂ ಅಲ್ಲೇ. ಮಗಳ ಬರ್ತ್‌ಡೇಗೆ ಕೇಕ್ ತಗೊಂಡು ಹೋಗಿದ್ದೆ, ಮಾವ ಗೇಟೇ ತೆಗೀಲಿಲ್ಲ, ಒಂದೂವರೆ ಗಂಟೆ ಬಿಸಿಲಲ್ಲಿ ನಿಂತೆ, ಕ್ರೀಮೆಲ್ಲಾ ಕರಗಿ ಬಾಕ್ಸು ಅಂಟಂಟು ಆಯ್ತು, ಕೊನೆಗೆ ಪಕ್ಕದ ಮನೆಯವರು 112ಗೆ ಫೋನ್ ಮಾಡಿದ್ರು. ಐದು ವರ್ಷದ ತನಕ ಮಗು ತಾಯಿದೇ, ನಿನಗೆ ಹಕ್ಕೇ ಇಲ್ಲ ಅಂತಾರೆ. ಇನ್ನೂ ಒಂದು ವರ್ಷ ಕಾಯ್ಬೇಕಾ? ಇಲ್ಲಿವರೆಗೂ ಯಾರೂ ಕೇಸ್ ಹಾಕಿಲ್ಲ.

ಉತ್ತರ: ಕಾಯೋದೇನೂ ಬೇಡ ಸಾರ್, ಕಾದಷ್ಟೂ ನಿಮಗೇ ನಷ್ಟ. ನಿಮ್ಮ ಮಾವ ಹೇಳಿದ್ರಲ್ಲಿ ಅರ್ಧ ಸತ್ಯ ಇದೆ, ಅದೇ ತೊಂದ್ರೆ. 1956ರ ಹಿಂದೂ ಮೈನಾರಿಟಿ ಆಂಡ್ ಗಾರ್ಡಿಯನ್‌ಶಿಪ್ ಕಾಯ್ದೆ 6ನೇ ಸೆಕ್ಷನ್ನಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು ಅಂತ ಇದೆ, ಸರಿ. ಆದ್ರೆ ಅದು ಮಗು ಯಾರ ಮನೇಲಿ ಮಲಗುತ್ತೆ ಅನ್ನೋ ಮಾತು, ಅಪ್ಪ ಮುಖ ನೋಡ್ಬಾರ್ದು ಅಂತ ಎಲ್ಲೂ ಬರೆದಿಲ್ಲ. ಅದೇ ಸೆಕ್ಷನ್ನು ಅಪ್ಪನ್ನ ನ್ಯಾಚುರಲ್ ಗಾರ್ಡಿಯನ್, ಅಂದ್ರೆ ಮಗುವಿನ ಸಹಜ ಪೋಷಕ ಅಂತಾನೂ ಹೇಳುತ್ತೆ, ‘ಅವನ ನಂತರ ತಾಯಿ’ ಅಂತ. (ಆ ‘ನಂತರ’ ಅಂದ್ರೆ ಅಪ್ಪ ಸತ್ತ ಮೇಲೆ ಅಂತಷ್ಟೇ ಅಲ್ಲ, ಅವನು ಜವಾಬ್ದಾರಿ ತಗೊಳ್ದೆ ಇದ್ದಾಗ್ಲೂ ತಾಯಿನೇ ಗಾರ್ಡಿಯನ್ ಅಂತ 1999ರಲ್ಲಿ ಗೀತಾ ಹರಿಹರನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಒಂದು ಬಾಂಡ್ ಅರ್ಜಿಗೆ ತಾಯಿ ಸೈನು ಸಾಲಲ್ಲ ಅಂತ ಶುರುವಾದ ಜಗಳ ಅದು.) ಈ ಗಾರ್ಡಿಯನ್ನು, ಕಸ್ಟಡಿ, ಭೇಟಿ ಮೂರೂ ಬೇರೆ ಬೇರೆ ಸಾರ್. ಕಸ್ಟಡಿ ಸಿಗದೇ ಇದ್ರೂ ಭೇಟಿ ಸಿಗುತ್ತೆ.

ಈಗ ಮಾಡ್ಬೇಕಾಗಿರೋದು ಏನಂದ್ರೆ, 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆ ಕೆಳಗೆ ಒಂದು ಅರ್ಜಿ. ಮಗು ಮಾಮೂಲಿಯಾಗಿ ಎಲ್ಲಿ ವಾಸ ಇದೆಯೋ ಅಲ್ಲಿನ ಕೋರ್ಟು, ಅಂದ್ರೆ ನಿಮ್ಮ ವಿಷಯದಲ್ಲಿ ಬಹುಶಃ ಶಿವಮೊಗ್ಗನೇ, ಮಗಳು ಎಂಟು ತಿಂಗಳಿಂದ ಅಲ್ಲಿದ್ದಾಳೆ, ಅಲ್ಲೇ ಸ್ಕೂಲಿಗೂ ಸೇರಿಸಿರ್ತಾರೆ, ದಾವಣಗೆರೆಲಿ ಹಾಕಿದ್ರೆ ಮೊದಲ ಆರು ತಿಂಗಳು ಯಾವ ಕೋರ್ಟು ಅಂತಾನೇ ವಾದ ಆಗ್ತಾ ಕೂರುತ್ತೆ. ಬರೀ ಭೇಟಿಗೋಸ್ಕರಾನೂ ಅರ್ಜಿ ಹಾಕ್ಬೋದು. ಮುಖ್ಯ ಕೇಸ್ ಮುಗಿಯೋಕೆ ವರ್ಷಗಟ್ಟಲೆ ಆಗ್ಬೋದು, ಅದಕ್ಕೇ ಜೊತೆಲೇ 12ನೇ ಸೆಕ್ಷನ್ ಕೆಳಗೆ ಮಧ್ಯಂತರ ಭೇಟಿಗೆ ಐ.ಎ. (ಕೇಸ್ ನಡೀತಿರುವಾಗ್ಲೇ ಹಾಕೋ ಮಧ್ಯಂತರ ಅರ್ಜಿ) ಹಾಕ್ಸಿ. ಜನ ಇದನ್ನೇ ಮರೀತಾರೆ. ನಾಳೆ ಯಾರಾದ್ರೂ ಡೈವೋರ್ಸ್ ಕೇಸ್ ಹಾಕಿದ್ರೆ ಆ ಕೇಸಲ್ಲೇ ಹಿಂದೂ ಮ್ಯಾರೇಜ್ ಆಕ್ಟ್ 26ನೇ ಸೆಕ್ಷನ್ ಕೆಳಗೆ ಕೇಳ್ಬೋದು.

ಮೊದಲ ಆರ್ಡರು ನೀವು ಅಂದ್ಕೊಂಡಷ್ಟು ಇರಲ್ಲ, ಈಗ್ಲೇ ಹೇಳ್ಬಿಡ್ತೀನಿ. ಕೋರ್ಟಲ್ಲೇ ಮಕ್ಕಳ ರೂಮಲ್ಲಿ ಒಂದು ಗಂಟೆ ಎರಡು ಗಂಟೆ, ಅಷ್ಟೇ. ಆ ರೂಮುಗಳನ್ನ ನೋಡಿಲ್ಲದವರಿಗೆ ಗೊತ್ತಾಗಲ್ಲ, ಗೋಡೆ ಮೇಲೆ ಛೋಟಾ ಭೀಮ್, ಒಂದು ಪ್ಲಾಸ್ಟಿಕ್ ಜಾರುಬಂಡೆ, ಚಕ್ರ ಕಿತ್ತೋದ ಕಾರು, ಮೂಲೇಲಿ ಎರಡೂ ಕಡೆ ಅಜ್ಜಿಯರು ಮುಖ ತಿರುಗಿಸ್ಕೊಂಡು ಕೂತಿರ್ತಾರೆ. ಒಂದ್ಸಲ ಒಬ್ಬ ಅಪ್ಪ ಇಪ್ಪತ್ನಾಲ್ಕು ಕಲರ್ ಪೆನ್ಸಿಲ್ ತಂದಿದ್ರು, ಮಗಳು ತಲೆ ಎತ್ತಿ ನೋಡ್ಲಿಲ್ಲ, ಅವರೇ ಒಬ್ರೇ ಕೂತ್ಕೊಂಡು ಒಂದು ನವಿಲು ಬರೀತಾ ಇದ್ರು, ನವಿಲು ಕೋಳಿ ಥರ ಆಗಿತ್ತು ಬಿಡಿ. ಮೂರು ಗಂಟೆಗೆ ಶುರುವಾಗಿದ್ದು. ನಾಲ್ಕು ನಲವತ್ತಕ್ಕೆ ಆ ಹುಡುಗಿ ಬಂದು ನೀಲಿ ಪೆನ್ಸಿಲ್ ಕಿತ್ಕೊಂಡು ‘ಕಾಲು ಹಿಂಗಲ್ಲ’ ಅಂದ್ಳು. ಐದಕ್ಕೆ ಟೈಮ್ ಮುಗೀತು. ಮುಂದಿನ ಸಲದ ಭೇಟಿಗೆ ಅವಳೇ ಡ್ರಾಯಿಂಗ್ ಬುಕ್ ತಂದಿದ್ಳು, ನಾಲ್ಕೈದು ತಿಂಗಳಿಗೆ ಕೋರ್ಟು ಭಾನುವಾರ ಇಡೀ ದಿನ ಹೊರಗೆ ಕರ್ಕೊಂಡು ಹೋಗೋಕೆ ಒಪ್ತು. ಹಂಗೇ ಅದು, ರೂಮಿಂದ ಪಾರ್ಕಿಗೆ, ಪಾರ್ಕಿಂದ ಇಡೀ ದಿನಕ್ಕೆ, ಆಮೇಲೆ ರಾತ್ರಿ ಉಳ್ಕೊಳೋದು, ಆಮೇಲೆ ಬೇಸಿಗೆ ರಜೆ, ದಸರಾ ರಜೆ ಅರ್ಧರ್ಧ. ಮೊದಲ ಭೇಟಿಗೇ ಸಾವಿರಾರು ರೂಪಾಯಿ ಗೊಂಬೆ ಹೊತ್ಕೊಂಡು ಹೋಗೋದು, ‘ಅಮ್ಮ ಏನಂದ್ಳು’ ಅಂತ ಕೆದಕೋದು, ಮೊಬೈಲಲ್ಲಿ ವಿಡಿಯೋ ಮಾಡೋದು, ಇದು ಮೂರೂ ಬೇಡ.

ಗೇಟ್ ಮುಂದೆ ಮತ್ತೆ ಹೋಗಿ ನಿಲ್ಲಬೇಡಿ. ಅದು ನಿಮಗೆ ಪ್ರೀತಿ, ಅವರ ವಕೀಲರ ಕೈಗೆ ಸಿಕ್ಕಿದ್ರೆ ಗಲಾಟೆ ಕೇಸು.

ಪ್ರಶ್ನೆ: ನನ್ನ ಹತ್ರ ಎರಡು ವರ್ಷದ ಹಿಂದಿನ ಆರ್ಡರೇ ಇದೆ ಮೇಡಂ. ‘ಉಭಯತ್ರರ ಅನುಕೂಲ ನೋಡಿಕೊಂಡು ತಂದೆ ಮಗುವನ್ನು ಆಗಾಗ ಭೇಟಿ ಮಾಡಬಹುದು’ ಅಂತ. ಪ್ರತಿ ಸಲ ಕೇಳಿದ್ರೂ ಮಗನಿಗೆ ಜ್ವರ, ಇಲ್ಲ ಎಕ್ಸಾಮು, ಇಲ್ಲ ನೆಂಟರು. ಎರಡು ವರ್ಷದಲ್ಲಿ ಏಳು ಸಲ ನೋಡಿದೀನಿ. ಕಂಟೆಂಪ್ಟ್ (ಕೋರ್ಟ್ ಆರ್ಡರ್ ಮೀರಿದ್ದಾರೆ ಅನ್ನೋ ಕೇಸು) ಹಾಕ್ಲಾ? (ತುಮಕೂರು)

ಉತ್ತರ: ಈ ‘ಆಗಾಗ’ ಅನ್ನೋ ಪದ ನೋಡಿದ್ರೆ ನನಗೆ ಮೈ ಉರಿಯುತ್ತೆ. ಮೀಡಿಯೇಶನ್ನಲ್ಲಿ, ಅಂದ್ರೆ ರಾಜಿ ಮಾತುಕತೆಗೆ ಕೂತಾಗ ಎಲ್ರೂ ಸುಸ್ತಾಗಿರ್ತಾರೆ, ಮಧ್ಯಾಹ್ನ ಊಟ ಆಗಿರಲ್ಲ, ಜೀವನಾಂಶದ ಲೆಕ್ಕ ಮುಗೀತಲ್ಲ ಸಾಕಪ್ಪಾ ಅಂತ ಕೊನೆ ಷರತ್ತು ‘ಅನುಕೂಲ ನೋಡ್ಕೊಂಡು’ ಅಂತ ಬರೆದು ಸೈನ್ ಹಾಕಿ ಎದ್ದು ಬರ್ತಾರೆ. ಬೇರೆ ಆಗಿರೋದೇ ಅನುಕೂಲ ಹೊಂದಾಣಿಕೆ ಆಗದೆ, ಇನ್ನು ಭೇಟಿಗೆ ಎಲ್ಲಿಂದ ಆಗುತ್ತೆ?

ಕಂಟೆಂಪ್ಟ್ ಹಾಕಿದ್ರೆ ಅವರ ಲಾಯರು ಎದ್ದು ನಿಂತು ಆಗಾಗ ಅಂದ್ರೆ ಏಳು ಸಲಾನೂ ಆಗಾಗಾನೇ ಸ್ವಾಮಿ, ಎಲ್ಲಿ ಉಲ್ಲಂಘನೆ ಆಯ್ತು ತೋರ್ಸಿ ಅಂತಾರೆ, ನಿಮ್ಮ ಹತ್ರ ಉತ್ತರ ಇರಲ್ಲ. ಮೊದಲು ಆರ್ಡರನ್ನ ಬದಲಾಯಿಸೋಕೆ ಅರ್ಜಿ ಹಾಕಿ. ಕಸ್ಟಡಿ, ಭೇಟಿ ಆರ್ಡರುಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದ್ರೆ ಆರ್ಡರೂ ಬದಲಾಗುತ್ತೆ. 2020ರ ಜನವರಿಲಿ ಸುಪ್ರೀಂ ಕೋರ್ಟು ರಾಜಸ್ಥಾನದಿಂದ ಬಂದಿದ್ದ ಒಂದು ಕೇಸಲ್ಲಿ ಇದನ್ನೇ ಹೇಳಿದೆ, ಭೇಟಿ ಹೆಂಗೆ, ಯಾವಾಗ, ಎಲ್ಲಿ ಅನ್ನೋದನ್ನ ಕೋರ್ಟುಗಳು ಬಿಡಿಸಿ ಬರೀಬೇಕು ಅಂತ. ಕಸ್ಟಡಿ ಇಲ್ಲದ ತಂದೆ ಅಥವಾ ತಾಯಿಗೆ ದಿನಾ ಐದು ಹತ್ತು ನಿಮಿಷ ಮಗು ಜೊತೆ ಮಾತಾಡೋ ಹಕ್ಕು ಇರಬೇಕು ಅಂತಾನೂ ಇದೆ ಅದ್ರಲ್ಲಿ. ಆ ತೀರ್ಪಿನ ಕಾಪಿ ಅರ್ಜಿ ಜೊತೆ ಲಗತ್ತಿಸೋಕೆ ನಿಮ್ಮ ವಕೀಲರಿಗೆ ಹೇಳಿ.

ಹೊಸ ಆರ್ಡರಲ್ಲಿ ಏನಿರಬೇಕು ಅಂದ್ರೆ, ಉದಾಹರಣೆಗೆ, ತಿಂಗಳ ಮೊದಲನೇ ಮತ್ತು ಮೂರನೇ ಶನಿವಾರ ಬೆಳಗ್ಗೆ ಹತ್ತಕ್ಕೆ ತಾಯಿಯ ಅಪಾರ್ಟ್‌ಮೆಂಟ್ ಗೇಟಲ್ಲಿ ಮಗುನ ಕರ್ಕೊಳೋದು, ಭಾನುವಾರ ಸಂಜೆ ಆರಕ್ಕೆ ಅದೇ ಗೇಟಲ್ಲಿ ಬಿಡೋದು, ಕರ್ಕೊಳೋಕೆ ತಂದೆ ಬರದಿದ್ರೆ ಯಾರು ಬರಬಹುದು, ಮಗುಗೆ ಹುಷಾರಿಲ್ಲ ಅಂದ್ರೆ ಹಿಂದಿನ ರಾತ್ರಿ ಎಂಟರೊಳಗೆ ಮೆಸೇಜು, ಡಾಕ್ಟರ್ ಚೀಟಿ ಫೋಟೋ ಸಮೇತ, ತಪ್ಪಿದ ಭೇಟಿಗೆ ಮುಂದಿನ ಶನಿವಾರ ತಾನಾಗೇ ಬದಲಿ, ಯುಗಾದಿ ಒಂದು ವರ್ಷ ಅಲ್ಲಿ ಒಂದು ವರ್ಷ ಇಲ್ಲಿ, ದೀಪಾವಳಿ ಅದಕ್ಕೆ ಉಲ್ಟಾ, ಬರ್ತ್‌ಡೇ ದಿನ ಇಬ್ರಿಗೂ ಎರಡೆರಡು ಗಂಟೆ, ಪೇರೆಂಟ್ಸ್ ಮೀಟಿಂಗಿಗೆ ಇಬ್ರೂ ಹೋಗ್ಬೋದು, ಸ್ಕೂಲಿನ ವಾಟ್ಸಪ್ ಗ್ರೂಪಲ್ಲಿ ಇಬ್ರ ನಂಬರೂ ಇರಬೇಕು. ಓದೋಕೆ ಬೋರು, ಗೊತ್ತು. ಆದ್ರೆ ಇಷ್ಟು ಬರೆದ ಆರ್ಡರು ಇದ್ದೋರು ನನ್ನ ಆಫೀಸಿಗೆ ವಾಪಸ್ ಬರೋದೇ ಕಮ್ಮಿ.

ಅಲ್ಲಿಗೂ ಕೊಡ್ಲಿಲ್ಲ ಅಂದ್ರೆ ಆಗ ಎಕ್ಸಿಕ್ಯೂಶನ್ (ಆರ್ಡರ್ ಜಾರಿ ಮಾಡ್ಸಿ ಅನ್ನೋ ಅರ್ಜಿ) ಹಾಕಿ, ಕಂಟೆಂಪ್ಟೂ ಕೇಳಿ. ಅದಕ್ಕೆ ಈಗಿನಿಂದ್ಲೇ ಒಂದು ಡೈರಿ ಇಡಿ, ಯಾವತ್ತು ಹೋಗಿದ್ದೆ, ಏನು ಉತ್ತರ ಬಂತು, ಮೆಸೇಜಿನ ಸ್ಕ್ರೀನ್‌ಶಾಟು. ಬೈದು ಕಳಿಸಿರೋ ನಿಮ್ಮ ಮೆಸೇಜುಗಳೂ ಅದ್ರಲ್ಲಿ ಕಾಣುತ್ತೆ, ನೆನಪಿರಲಿ.

ಪ್ರಶ್ನೆ: ಅಕ್ಕ, ಗಂಡ ಊರ ಹಬ್ಬ ಅಂತ ಮೂರು ವರ್ಷದ ಮಗನ್ನ ಅವರ ಹಳ್ಳಿಗೆ ಕರ್ಕೊಂಡು ಹೋದೋರು ಇಪ್ಪತ್ತು ದಿನ ಆಯ್ತು ವಾಪಸ್ ಕಳಿಸಿಲ್ಲ. ಫೋನ್ ಸ್ವಿಚ್ ಆಫ್. ಸ್ಟೇಷನ್ನಲ್ಲಿ ಅಪ್ಪನ ಹತ್ರ ತಾನೇ ಇರೋದು, ಫ್ಯಾಮಿಲಿ ಮ್ಯಾಟರ್, ಕೋರ್ಟಿಗೆ ಹೋಗಮ್ಮ ಅಂತಾರೆ. ನನ್ನ ಹತ್ರ ವಕೀಲರಿಗೆ ಕೊಡೋಕೆ ದುಡ್ಡಿಲ್ಲ. (ಮಂಡ್ಯ ಕಡೆ)

ಉತ್ತರ: ನೋಡಮ್ಮ, ದುಡ್ಡಿನ ಚಿಂತೆ ಮೊದಲು ಬಿಡು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಕಡೆಯಿಂದ ಫ್ರೀ ವಕೀಲರು ಸಿಗ್ತಾರೆ, ಅದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಲೇ ಇದೆ. ಜಿಲ್ಲಾ ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಅಂತ ಬೋರ್ಡ್ ಇರುತ್ತೆ, ತಾಲೂಕಲ್ಲೂ ಸಮಿತಿ ಇರುತ್ತೆ, ಗೊತ್ತಾಗ್ಲಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡು.

ಇಪ್ಪತ್ತು ದಿನ ಆಗಿದೆ ಅಂದ್ರೆ ನಾಳೆನೇ ಹೋಗಬೇಕು. ಇಂಥ ಕೇಸಲ್ಲಿ ದಿನ ಕಳೆದಷ್ಟೂ ಮಗು ಇಲ್ಲೇ ಹೊಂದ್ಕೊಂಡಿದೆ ಅಂತ ಅವರು ಹೇಳೋಕೆ ಶುರು ಮಾಡ್ತಾರೆ. ಸ್ಟೇಷನ್ನಲ್ಲಿ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಬರೆದು ಕೊಟ್ಟು ಸ್ವೀಕೃತಿ ತಗೋ. ಆಮೇಲೆ ಎರಡು ದಾರಿ. ಒಂದು, ನಿಮ್ಮೂರಿನ ಕೋರ್ಟಲ್ಲಿ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆ 25ನೇ ಸೆಕ್ಷನ್ ಕೆಳಗೆ ಮಗು ವಾಪಸ್ ಕೊಡಿಸಿ ಅಂತ ಕೇಳೋದು, ಜೊತೆಗೆ ತುರ್ತು ಮಧ್ಯಂತರ ಅರ್ಜಿ. ಮಗು ಮಾಮೂಲಾಗಿ ಇದ್ದಿದ್ದು ನಿನ್ನ ಹತ್ರಾನೇ ಅನ್ನೋಕೆ ಅಂಗನವಾಡಿ ಹಾಜರಿ, ತಾಯಿ ಕಾರ್ಡಲ್ಲಿ ಲಸಿಕೆ ಹಾಕ್ಸಿದ ಸೀಲು, ರೇಷನ್ ಕಾರ್ಡು ಎಲ್ಲಾ ತಗೊಂಡು ಹೋಗು, ಹಬ್ಬಕ್ಕೆ ಅಂತ ಎತ್ಕೊಂಡು ಹೋದ ಮಾತ್ರಕ್ಕೆ ಮಗುವಿನ ವಾಸದ ಊರು ಬದಲಾಗ್ಬಿಡಲ್ಲ. ಇನ್ನೊಂದು, ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಇಟ್ಕೊಂಡಿರೋರನ್ನ ಕೋರ್ಟಿಗೆ ಹಾಜರುಪಡಿಸಿ ಅನ್ನೋ ಅರ್ಜಿ. ಎಲ್ಲಾ ಮಕ್ಕಳ ಕೇಸಿಗೂ ಅದನ್ನ ತಗೊಳಲ್ಲ, ಆದ್ರೆ ಕಾನೂನಿನ ಹಕ್ಕಿಲ್ಲದೆ ಮಗುನ ಇಟ್ಕೊಂಡಿದ್ರೆ ತಗೋಬಹುದು ಅಂತ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ನಿನ್ನ ಮಗ ಐದು ತುಂಬದವನು, ತಾಯಿ ಹತ್ರ ಯಾಕೆ ಇರಬಾರ್ದು ಅಂತ ಸಾಬೀತು ಮಾಡೋ ಹೊರೆ ಅಪ್ಪನ ಮೇಲೆ ಬೀಳುತ್ತೆ, 2015ರಲ್ಲೇ ಅದು ತೀರ್ಮಾನ ಆಗಿದೆ. ಯಾವುದು ಬೇಗ ಆಗುತ್ತೆ ಅಂತ ವಕೀಲರೇ ಪೇಪರ್ ನೋಡಿ ಹೇಳಲಿ.

ಅಣ್ಣಂದಿರನ್ನ ಕರ್ಕೊಂಡು ಹೋಗಿ ಮಗುನ ಎತ್ಕೊಂಡು ಬರ್ತೀವಿ ಅಂತಾರೆ ನಿಮ್ಮನೆಯವರು, ಗೊತ್ತು. ಬೇಡ.

ಪ್ರಶ್ನೆ: ಮಗಳ ಅಪ್ಪ ಒಂಬತ್ತು ತಿಂಗಳಿಂದ ಮೆಂಟೆನೆನ್ಸ್ ಕೊಟ್ಟಿಲ್ಲ. ದುಡ್ಡು ಕೊಡೋ ತನಕ ಮಗಳನ್ನ ತೋರ್ಸಲ್ಲ ಅಂದಿದೀನಿ. ತಪ್ಪಾ?

ಉತ್ತರ: ತಪ್ಪು. ಕೋಪ ನ್ಯಾಯವಾದದ್ದೇ, ಆದ್ರೆ ಕೋರ್ಟಿನ ಕಣ್ಣಲ್ಲಿ ಇದು ಬೇರೆ ಅದು ಬೇರೆ. ಭೇಟಿ ಸಿನಿಮಾ ಟಿಕೆಟ್ ಅಲ್ಲ, ದುಡ್ಡು ಕೊಟ್ರೆ ಒಳಗೆ ಅನ್ನೋಕೆ. ಬಾಕಿ ವಸೂಲಿಗೆ ಬೇರೆ ಅರ್ಜಿ ಹಾಕಿ, ಹಳೇ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಜೀವನಾಂಶದ 125ನೇ ಸೆಕ್ಷನ್ನು 2024ರ ಜುಲೈಯಿಂದ ಬಿಎನ್‌ಎಸ್‌ಎಸ್ (ಆ ಕೋಡಿನ ಬದಲು ಬಂದ ಹೊಸ ಕಾಯ್ದೆ) 144 ಆಗಿದೆ, ಅದ್ರಲ್ಲಿ ವಾರಂಟ್ ಇದೆ, ಕಟ್ಟದ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲೂ ಇದೆ. ಆದ್ರೆ ಬಾಕಿ ಬಿದ್ದ ಒಂದು ವರ್ಷದ ಒಳಗೆ ಕೇಳಬೇಕು, ಮೊದಲ ತಿಂಗಳ ಬಾಕಿಗೆ ನಿಮಗೆ ಉಳಿದಿರೋದು ಮೂರೇ ತಿಂಗಳು, ಲೇಟ್ ಮಾಡ್ಬೇಡಿ. ಮತ್ತೆ ಇದನ್ನ ಓದ್ತಿರೋ ಅಪ್ಪಂದಿರು ‘ತೋರ್ಸಲ್ಲ ಅಂದ್ರೆ ನಾನ್ಯಾಕೆ ಕೊಡ್ಲಿ’ ಅಂತ ಖುಷಿ ಪಡೋದು ಬೇಡ, ನಿಮಗೂ ಅದೇ ಉತ್ತರ.

ಪ್ರಶ್ನೆ: ಮಗಾ ಸೊಸಿ ಬ್ಯಾರೆ ಆಗ್ಯಾರ್ರೀ. ಮಮ್ಮಗನ್ನ ಹುಟ್ಟಿದಾಗಿಂದ ಎರೆದು ಬೆಳೆಸಿದಾಕಿ ನಾನು. ಈಗ ಅವರು ಬರೇ ಅಪ್ಪಗ ಅಷ್ಟ ಭೇಟಿ, ಅಜ್ಜಿಗಿಲ್ಲ ಅಂತಾರ. ನನಗ ಹಕ್ಕಿಲ್ಲೇನ್ರೀ? (ಗದಗ)

ಉತ್ತರ: ಅಮ್ಮಾ, ಅಜ್ಜಿಗೆ ಅಂತಾನೇ ಬರೆದ ಸೆಕ್ಷನ್ನು ಇಲ್ಲ. ಆದ್ರೆ ದಾರಿ ಸುಲಭ ಇದೆ, ನಿಮ್ಮ ಮಗ ತನ್ನ ಭೇಟಿ ಅರ್ಜಿಲಿ ‘ಭೇಟಿ ವೇಳೆ ಅಜ್ಜ ಅಜ್ಜಿ ಜೊತೆಗಿರಬಹುದು’ ಅಂತ ಒಂದು ಸಾಲು ಸೇರಿಸಿ ಕೇಳಲಿ, ಮಗುನ ಸಾಕಿದ ಕೈ ಅಂತ ಗೊತ್ತಾದ್ರೆ ಜಡ್ಜುಗಳು ಸಾಮಾನ್ಯವಾಗಿ ಬೇಡ ಅನ್ನಲ್ಲ. ಮಗನೇ ತೀರಿಕೊಂಡಿದ್ದು ಸೊಸೆ ತೋರಿಸ್ತಿಲ್ಲ ಅನ್ನೋ ಪತ್ರನೂ ಒಂದು ಬಂದಿದೆ, ಅಂಥವರು ಮಗುವಿನ ಸಂಬಂಧಿಕರಾಗಿ ತಾವೇ ಕೋರ್ಟಿಗೆ ಹೋಗಬಹುದು, ಆದ್ರೆ ಭೇಟಿ ಅಷ್ಟೇ ಕೇಳಿ, ಕಸ್ಟಡಿ ಅಂತ ಹೊರಟ್ರೆ ಸೊಸೆ ಜೊತೆ ಇರೋ ಕೊನೆ ನಂಟೂ ಹೋಗುತ್ತೆ.

ಪ್ರಶ್ನೆ: ನಾವು ಮುಸ್ಲಿಮರು. ನಮಗೆ ಈ ಕಾಯ್ದೆ ಎಲ್ಲಾ ಅನ್ವಯ ಆಗುತ್ತಾ? (ಭಟ್ಕಳ)

ಉತ್ತರ: 1956ರದ್ದು ಇಲ್ಲ, 1890ರದ್ದು ಎಲ್ಲಾ ಧರ್ಮದವರಿಗೂ ಇದೆ. ನಿಮ್ಮಲ್ಲಿ ಹಿಜಾನತ್ (ಮಗು ಸಾಕೋ ತಾಯಿಯ ಹಕ್ಕು) ಪ್ರಕಾರ ಚಿಕ್ಕ ಮಕ್ಕಳು ತಾಯಿ ಹತ್ರ, ಹನಫಿ ಪಂಥದವರಲ್ಲಿ ಗಂಡು ಮಗುಗೆ ಏಳು ವರ್ಷದ ತನಕ ಅಂತ ಲೆಕ್ಕ, ಭಟ್ಕಳ ಕಡೆ ಶಾಫಿ ಪಂಥದವರು ಜಾಸ್ತಿ, ಅವರ ಲೆಕ್ಕ ಬೇರೆ. ಯಾವುದಿದ್ರೂ ಕೊನೆಗೆ ಕೋರ್ಟು ನೋಡೋದು ಮಗುವಿನ ಹಿತ. ಭೇಟಿ ಕೇಳೋ ರೀತಿ ಮೇಲೆ ಹೇಳಿದ್ದೇ.

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್. ರಜೆಗೆ ಅಂತ ಬೆಂಗಳೂರಿಗೆ ಬಂದ ವೈಫ್, ಮಗಳನ್ನ ಇಟ್ಕೊಂಡು ಅಲ್ಲೇ ಉಳ್ಕೊಂಡಿದ್ದಾಳೆ. ಮಗಳು ಹುಟ್ಟಿದ್ದು ಇಲ್ಲೇ, ಏಳು ವರ್ಷ. ಇಲ್ಲಿನ ಕೋರ್ಟ್ ಆರ್ಡರ್ ಇಂಡಿಯಾದಲ್ಲಿ ನಡೆಯಲ್ವಾ?

ಉತ್ತರ: ತಾನಾಗೇ ನಡೆಯಲ್ಲ. ಗಡಿ ದಾಟಿಸಿದ ಮಕ್ಕಳನ್ನ ವಾಪಸ್ ಕಳಿಸೋಕೆ 1980ರ ಹೇಗ್ ಒಪ್ಪಂದ ಅಂತ ಒಂದಿದೆ, ಅದಕ್ಕೆ ಇಂಡಿಯಾ ಸೈನ್ ಹಾಕಿಲ್ಲ. ಹಾಗಂತ ಅಲ್ಲಿನ ಆರ್ಡರು ಕಸ ಅಂತಾನೂ ಅಲ್ಲ, ಇಲ್ಲಿನ ಕೋರ್ಟು ಅದನ್ನ ಒಂದು ಅಂಶವಾಗಿ ನೋಡುತ್ತೆ. 2022ರ ಜುಲೈಲಿ ಬೆಂಗಳೂರಿನದೇ ಒಂದು ಕೇಸಲ್ಲಿ, ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗನ್ನ ತಾಯಿ ಇಲ್ಲಿಗೆ ಕರ್ಕೊಂಡು ಬಂದಿದ್ರು, ನಮ್ಮ ಹೈಕೋರ್ಟಲ್ಲಿ ಅಪ್ಪನಿಗೆ ಆಗ್ಲಿಲ್ಲ, ಸುಪ್ರೀಂ ಕೋರ್ಟು ಹುಡುಗ ವಾಪಸ್ ಹೋಗೋದೇ ಅವನ ಹಿತ ಅಂತ ಹೇಳ್ತು. ಅದೇ ಥರದ ಬೇರೆ ಕೇಸುಗಳಲ್ಲಿ ಮಗು ಇಲ್ಲೇ ಇರಲಿ ಅಂದಿದ್ದೂ ಇದೆ. ಹಂಗಾಗಿ ಗ್ಯಾರಂಟಿ ಕೊಡೋ ವಕೀಲರನ್ನ ನಂಬಬೇಡಿ.

ಅದು ನಡೀತಾ ಇರೋವಾಗ ವಿಡಿಯೋ ಕಾಲ್ ಆರ್ಡರ್ ತಗೊಳ್ಳಿ. ಇಲ್ಲೊಂದು ಚಿಕ್ಕ ವಿಷಯ, ಟೈಮನ್ನ ಇಂಡಿಯಾ ಟೈಮಲ್ಲೇ ಬರೆಸಿ. ಬೇಸಿಗೇಲಿ ಇಲ್ಲಿ ರಾತ್ರಿ ಎಂಟೂವರೆ ಅಂದ್ರೆ ನಿಮಗೆ ಬೆಳಗ್ಗೆ ಹತ್ತು, ನವೆಂಬರಲ್ಲಿ ನಿಮ್ಮ ಗಡಿಯಾರ ಹಿಂದಕ್ಕೆ ಹೋದ ಮೇಲೆ ಒಂಬತ್ತು. ನಿಮ್ಮ ಟೈಮಲ್ಲಿ ಬೆಳಗ್ಗೆ ಹತ್ತು ಅಂತ ಬರೆಸಿದ್ರೆ ಚಳಿಗಾಲ ಪೂರ್ತಿ ಇಲ್ಲಿ ಒಂಬತ್ತೂವರೆ, ಏಳು ವರ್ಷದ ಮಗು ಅಷ್ಟೊತ್ತಿಗೆ ನಿದ್ದೆಲಿರುತ್ತೆ, ಆಮೇಲೆ ಕಾಲ್ ಎತ್ತಲಿಲ್ಲ ಅಂತ ಅದಕ್ಕೊಂದು ಅರ್ಜಿ.

ಪ್ರಶ್ನೆ: ಆಂಟಿ, ನನಗೆ 13 ವರ್ಷ. ಅಮ್ಮನ ಜೊತೆ ಇರ್ತೀನಿ. ಪ್ರತಿ ಶನಿವಾರ ಭಾನುವಾರ ಅಪ್ಪನ ಮನೆ ಅಂತ ಆರ್ಡರ್ ಆಗಿದೆ. ಅಪ್ಪ ಅಂದ್ರೆ ಇಷ್ಟನೇ, ಆದ್ರೆ ಶನಿವಾರ ಬೆಳಗ್ಗೆ ಕ್ರಿಕೆಟ್ ಕೋಚಿಂಗ್ ಮಿಸ್ ಆಗುತ್ತೆ, ಟೀಮಿಂದ ತೆಗೀತೀನಿ ಅಂತಿದ್ದಾರೆ ಕೋಚು. ಅಮ್ಮಂಗೆ ಹೇಳಿದ್ರೆ ಅಪ್ಪನ ಮನೆಗೆ ಹೋಗೋದೇ ಬೇಡ ಬಿಡು ಅಂತಾರೆ, ಅಪ್ಪಂಗೆ ಹೇಳಿದ್ರೆ ಅಮ್ಮ ಹೇಳ್ಕೊಟ್ಟಿದ್ದು ಅಂತಾರೆ. ನನ್ನನ್ನ ಯಾರೂ ಕೇಳಲ್ವಾ? (ಮೈಸೂರು)

ಉತ್ತರ: ಕೇಳ್ತಾರೆ ಪುಟ್ಟ, ಕೇಳಬೇಕು. ತನ್ನಿಷ್ಟ ಏನು ಅಂತ ಯೋಚನೆ ಮಾಡಿ ಹೇಳೋ ವಯಸ್ಸಿನ ಮಗುವಾದ್ರೆ ಅದರ ಮಾತನ್ನ ಗಣನೆಗೆ ತಗೋಬಹುದು ಅಂತ 1890ರ ಕಾಯ್ದೆಲೇ ಇದೆ, 17ನೇ ಸೆಕ್ಷನ್ನು. ಇಷ್ಟೇ ವಯಸ್ಸು ಅಂತ ಬರೆದಿಲ್ಲ, 13 ಅಂದ್ರೆ ಧಾರಾಳ ಆಯ್ತು. ಜಡ್ಜು ಚೇಂಬರಲ್ಲಿ ಒಬ್ಬನನ್ನೇ ಕೂರಿಸ್ಕೊಂಡು ಮಾತಾಡ್ತಾರೆ, ಅಪ್ಪ ಅಮ್ಮ ವಕೀಲರು ಯಾರೂ ಇರಲ್ಲ, ಹೆದರೋಂಥದ್ದು ಏನಿಲ್ಲ. ನೀನು ಅಲ್ಲಿ ಯಾರನ್ನೂ ಆರಿಸ್ಬೇಕಾಗಿಲ್ಲ, ನನಗೆ ಬರೆದ್ಯಲ್ಲ ಅಷ್ಟೇ ಹೇಳಿದ್ರೆ ಸಾಕು. ನಿನಗೆ ಬರೆಯೋ ಮುಂಚೆ ನಿನ್ನ ಪತ್ರನ ನಮ್ಮ ಆಫೀಸಲ್ಲಿ ಎಲ್ರೂ ಓದಿದ್ವಿ, ಒಬ್ರಂತೂ ನೀನು ಬೌಲರಾ ಬ್ಯಾಟ್ಸ್‌ಮನ್ನಾ ಅಂತ ಕೇಳ್ತಿದ್ರು.

ನಿನ್ನ ಕೇಸಿಗೆ ಜಡ್ಜ್ ತನಕ ಹೋಗೋದು ಬೇಕಾಗ್ಲಿಕ್ಕಿಲ್ಲ. ಇಬ್ರೂ ಒಪ್ಪಿದ್ರೆ ಒಂದು ಮೆಮೋ (ಕೋರ್ಟಿಗೆ ಕೊಡೋ ಚಿಕ್ಕ ಬರಹ) ಹಾಕಿ ಆರ್ಡರಲ್ಲಿ ಟೈಮ್ ಬದಲಾಯಿಸ್ಕೋಬಹುದು. ಕೋಚ್ ಹತ್ರ ಪ್ರಾಕ್ಟೀಸ್ ಟೈಮ್‌ಟೇಬಲ್ ಬರೆಸ್ಕೋ, ಅದರ ಫೋಟೋ ಅಪ್ಪ ಅಮ್ಮ ಇಬ್ರಿಗೂ ಒಂದೇ ಸಲ ಕಳ್ಸು, ಕೆಳಗೆ ಒಂದೇ ಸಾಲು ಬರಿ, ಶನಿವಾರ ಬೆಳಗ್ಗೆ ಅಪ್ಪನೇ ಮನೆಯಿಂದ ಕರ್ಕೊಂಡು ಗ್ರೌಂಡಿಗೆ ಬಿಡಲಿ, ಪ್ರಾಕ್ಟೀಸ್ ಮುಗಿಯೋ ತನಕ ಅಲ್ಲೇ ಇರಲಿ, ಅಲ್ಲಿಂದ ಅವರ ಮನೆಗೆ ಹೋಗ್ತೀನಿ ಅಂತ. ಅಪ್ಪಂಗೆ ಭೇಟಿ ಟೈಮ್ ಒಂದು ನಿಮಿಷನೂ ಕಮ್ಮಿ ಆಗಲ್ಲ. ಆಗ್ಲೂ ಇಬ್ರೂ ಕಿತ್ತಾಡಿದ್ರೆ ಈ ಪುಟ ಹರ್ಕೊಂಡು ಫ್ರಿಜ್ ಮೇಲೆ ಅಂಟಿಸು.